ರಾಜಾಜ್ಞೆಯಿಂದ ಶಾಸನಸಭೆಗೆ: ರಾಯಚೂರು ಸೀಮೆ, 1853–1956

ಶಕ್ತಿನಗರದ ಬದಿಯಲ್ಲಿ ಹರಿಯುವ ಕೃಷ್ಣೆಗೂ ತುಂಗಭದ್ರೆಗೂ ನಡುವಣ ಈ ಸೀಮೆಯು, ಸೈನ್ಯವೆಚ್ಚದ ಋಣಕ್ಕಾಗಿ 1853ರಲ್ಲಿ ಹೈದರಾಬಾದಿನ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಲ್ಪಟ್ಟು, 1858ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಂಪನಿಯ ಆಳ್ವಿಕೆಯನ್ನು ಕೊನೆಗಾಣಿಸಲಾಗಿ ರಾಣಿಯ ಸರ್ಕಾರಕ್ಕೆ ಸೇರಿ, 1860ರಲ್ಲಿ ನಿಜಾಮರಿಗೇ ಮರಳಿತು. ಸ್ವದೇಶದಲ್ಲಿ 1689ರ ಹಕ್ಕುಗಳ ಶಾಸನದಿಂದ ಅರಸನ ಅಧಿಕಾರಕ್ಕೆ ಮಿತಿಯನ್ನು ವಿಧಿಸಿದ್ದ ಆ ಪಾರ್ಲಿಮೆಂಟು, ಇಲ್ಲಿಯ ರೈತನಿಗೆ ಮತಾಧಿಕಾರವನ್ನು ನೀಡಲಿಲ್ಲವೆಂಬುದು ಮರೆಯತಕ್ಕ ಮಾತಲ್ಲ.

1949ರ ನವೆಂಬರ್ 23ರಂದು ಭಾರತದ ಸಂವಿಧಾನವನ್ನು ಅಂಗೀಕರಿಸಿದ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು, 1950ರ ಜನವರಿ 26ರಿಂದ ಹೈದರಾಬಾದ್ ರಾಜ್ಯದ ರಾಜಪ್ರಮುಖರು, ಎಂದರೆ ಸಾಂವಿಧಾನಿಕ ಮುಖ್ಯಸ್ಥರು, ಆದರು. 1952ರಲ್ಲಾದರೋ, ರಾಯಚೂರು, ಮಾನ್ವಿ, ದೇವದುರ್ಗಗಳ ಜನರೂ ಮತವಿತ್ತು ರಚಿಸಿದ ಶಾಸನಸಭೆಗೆ ಹೊಣೆಯಾದ ಬೂರ್ಗುಲ ರಾಮಕೃಷ್ಣರಾಯರ ಮಂತ್ರಿಮಂಡಲವು ಅಧಿಕಾರವಹಿಸಿತು. 1956ರ ನವೆಂಬರ್ 1ರಂದು ರಾಜಪ್ರಮುಖಪದವಿಯು ರದ್ದಾಗಿ, ರಾಯಚೂರು ಜಿಲ್ಲೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು.