ಧವಲಾದಿ ಗ್ರಂಥಗಳ ಪ್ರತಿಲಿಪಿ ಕಾರ್ಯ: ಶ್ರದ್ಧೆ, ಶೀಲ ಮತ್ತು ಸಿದ್ಧಿ

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿದ್ದ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ತಾಡಪತ್ರ ಪ್ರತಿಗಳು ಬಹುಕಾಲ ಯಾತ್ರಿಕರ ದರ್ಶನಕ್ಕೆ ಮಾತ್ರ ಒದಗುತ್ತಿದ್ದವು. ಅವುಗಳ ಪಠನ ನಡೆಯುತ್ತಿರಲಿಲ್ಲ. ಅವು ಲೋಕಕ್ಕೆ ತೆರೆದುಕೊಂಡ ಇತಿಹಾಸವು ವಿದ್ವಾಂಸರಿಗೆ ತಿಳಿದುದೇ. ಆದರೆ ಕಾರ್ಯಸಿದ್ಧಿಯಲ್ಲಿ ಧರ್ಮಶ್ರದ್ಧೆಗೂ ವ್ಯಕ್ತಿಶೀಲಕ್ಕೂ ಎಷ್ಟು ಪಾಲಿದೆಯೆಂಬ ದೃಷ್ಟಿಯಿಂದ ಅದನ್ನು ಮತ್ತೊಮ್ಮೆ ಪರಿಶೀಲಿಸುವುದು ಯುಕ್ತವಾಗಿದೆ.

ಮುಂಬಯಿಯ ಸೇಠ ಮಾಣಿಕಚಂದ, ಸೊಲ್ಲಾಪುರದ ಸೇಠ ಹೀರಾಚಂದ ನೇಮಚಂದ ಮೊದಲಾದವರ ಪ್ರಯತ್ನದಿಂದ 1896ರಲ್ಲಿ ಪ್ರತಿಲಿಪಿ ಕಾರ್ಯವು ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಮೊದಲ ಲಿಪಿಕಾರರು. ಮಿರಜಿನ ಗಜಪತಿ ಉಪಾಧ್ಯಾಯರು ಅವರ ಸಹಾಯಕರು. ಬ್ರಹ್ಮಸೂರಿಗಳು ನಡುವೆಯೇ ಕಾಲವಶರಾಗಲು, ಗಜಪತಿಗಳು ಹೊಣೆ ಹೊತ್ತು ಸುಮಾರು 16 ವರ್ಷಗಳಲ್ಲಿ ಧವಲಾ, ಜಯಧವಲಾಗಳ ನಾಗರೀ ಪ್ರತಿಯನ್ನು ಪೂರೈಸಿದರು. ಕನ್ನಡ ಪ್ರತಿಯನ್ನು ದೇವರಾಜ ಸೆಟ್ಟಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರರು ಸಿದ್ಧಪಡಿಸಿದರು. ಮಹಾಧವಲಾದ ಕನ್ನಡ ಪ್ರತಿ ನೇಮಿರಾಜ ಸೆಟ್ಟರದು, ನಾಗರೀ ಪ್ರತಿ ಲೋಕನಾಥ ಶಾಸ್ತ್ರಿಗಳದು. 1922ರ ವೇಳೆಗೆ ಸಮಸ್ತ ಕಾರ್ಯವೂ ಮುಗಿಯಿತು.

ಈ ಶ್ರಮದ ಪ್ರಮಾಣವನ್ನು ಓಲೆಗರಿಯನ್ನು ಓದಿದವರೇ ಬಲ್ಲರು. ಧವಲಾ 72,000, ಜಯಧವಲಾ 60,000 ಗ್ರಂಥಪ್ರಮಾಣದವು. ಲಿಪಿ ಹಳಗನ್ನಡ, ಭಾಷೆ ಸಂಸ್ಕೃತಮಿಶ್ರ ಪ್ರಾಕೃತ. ಪದಗಳ ನಡುವೆ ತೆರಪಿಲ್ಲ. ಗುಣಸ್ಥಾನ, ಮಾರ್ಗಣಾಸ್ಥಾನಗಳ ಪರಿಭಾಷೆಯನ್ನು ಅರಿಯದವನು ಅಲ್ಲಿ ಪದಚ್ಛೇದವನ್ನೂ ಮಾಡಲಾರನು. ವೇತನವು ಲಿಪಿಕಾರನನ್ನು ಕುಳ್ಳಿರಿಸೀತು; ವರ್ಷಗಳುದ್ದಕ್ಕೂ ಅಪ್ರಮತ್ತನಾಗಿರಿಸಲು ಶ್ರುತಭಕ್ತಿಯೇ ಬೇಕು.

ಆದರೆ ಶ್ರದ್ಧೆಯೊಂದೇ ಆದರೂ ಅದು ಎರಡು ದಿಕ್ಕಿಗೆ ಪ್ರವರ್ತಿಸಿತು. ಗೃಹಸ್ಥರಿಗೆ ಸಿದ್ಧಾಂತಾಧ್ಯಯನದ ಅಧಿಕಾರವಿಲ್ಲವೆಂಬ ಮತವು ಶ್ರಾವಕಾಚಾರಗಳಲ್ಲಿಯೂ ಉಂಟು. ಗ್ರಂಥಗಳು ಊರು ಬಿಟ್ಟು ಹೋಗಬಾರದೆಂದು ಕಾಪಾಡಿದವರದು ಆ ಬಗೆಯ ಶ್ರದ್ಧೆ. ಅವರ ಕಟ್ಟುನಿಟ್ಟಿಲ್ಲದಿದ್ದರೆ ಇಂದು ಓದಲು ಗರಿಗಳೇ ಉಳಿಯುತ್ತಿರಲಿಲ್ಲವೇನೋ. ಅತ್ತ ಗಜಪತಿಗಳು ತಮ್ಮ ವಿದುಷೀ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಮತ್ತೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದು ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರ ಆಶ್ರಯ ಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳೂ ತಮಗಾಗಿ ಒಂದು ಪ್ರತಿಯನ್ನು ಇಟ್ಟುಕೊಂಡರು. ಅದರಿಂದ ಅನ್ಯ ಪ್ರತಿಗಳು ಹಲವೆಡೆ ಹರಡಿದವು.

ಈ ನಡತೆಯನ್ನು ಏನೆಂದು ತೂಗಬೇಕು? ಕೊಡದುದನ್ನು ಕೊಳ್ಳುವುದು ಅದತ್ತಾದಾನ. ಅಚೌರ್ಯ ವ್ರತಕ್ಕೆ ಅದು ವಿರುದ್ಧ. ಆದರೆ ಜ್ಞಾನವನ್ನು ಮರೆಮಾಚುವ ನಿಹ್ನವ, ಕೊಡಲೊಲ್ಲದ ಮಾತ್ಸರ್ಯ, ವಿಘ್ನವೊಡ್ಡುವ ಅಂತರಾಯ ಇವನ್ನು ತತ್ತ್ವಾರ್ಥಸೂತ್ರವು ಜ್ಞಾನಾವರಣ ಕರ್ಮದ ಆಸ್ರವಗಳಲ್ಲಿ ಎಣಿಸಿದೆ. ಎರಡು ಧರ್ಮಗಳು ಎದುರಾದಾಗ ಒಂದನ್ನು ಆರಿಸುವ ಹೊಣೆ ವ್ಯಕ್ತಿಯ ಮೇಲೆಯೇ ಬೀಳುತ್ತದೆ. ಆದುದರಿಂದ ಗಜಪತಿಗಳನ್ನು ನಿಂದಿಸುವುದೂ ಸುಲಭವಲ್ಲ, ನಿಃಶೇಷವಾಗಿ ಸ್ತುತಿಸುವುದೂ ಸಲ್ಲದು.

ಫಲವನ್ನು ನೋಡಿದರೆ ಎರಡೂ ಪಕ್ಷಗಳಿಗೆ ಪಾಠವಿದೆ. ಹೀಗೆ ಹೊರಬಂದ ಪ್ರತಿಗಳ ಆಧಾರದಿಂದಲೇ ಡಾ. ಹೀರಾಲಾಲ ಜೈನರು ಸಹಕಾರಿ ಪಂಡಿತರೊಡನೆ 1939ರಲ್ಲಿ ಧವಲಾದ ಪ್ರಥಮ ಸಂಪುಟವನ್ನು ಅಮರಾವತಿಯಿಂದ ಪ್ರಕಟಿಸಿದರು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ, ಮನುಷ್ಯಿನಿಯ ಗುಣಸ್ಥಾನಗಳನ್ನು ಹೇಳುವಲ್ಲಿ, ‘ಸಂಜದ’ ಪದವು ಆ ಪ್ರತಿಗಳಲ್ಲಿ ಇರಲಿಲ್ಲ. ಕೈಯಿಂದ ಕೈಗೆ ದಾಟಿದ, ಮೂಲದೊಡನೆ ಬಹಿರಂಗವಾಗಿ ಹೋಲಿಸಲಾಗದ ಪ್ರತಿಗಳಿಗೆ ಇಂತಹ ಅಪಾಯವು ತಪ್ಪಿದ್ದಲ್ಲ. ಸಂಪಾದಕರು ಆ ಪದವು ಇರಬೇಕೆಂದು ಊಹಿಸಿದರೂ ಅದನ್ನು ಮೂಲಪಾಠದೊಳಗೆ ಸೇರಿಸದೆ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡಬಿದಿರೆಯವರು ಪಾಠ ಹೋಲಿಕೆಗೆ ಔದಾರ್ಯದಿಂದ ಅವಕಾಶವಿತ್ತಾಗ ತಾಡಪತ್ರವು ‘ಸಂಜದ’ವನ್ನು ಸಮರ್ಥಿಸಿತು. ಸ್ತ್ರೀಮುಕ್ತಿ ವಿವಾದಕ್ಕೆ ಸಂಬಂಧಿಸಿದ ಈ ಒಂದು ಪದದ ಮಹತ್ತ್ವವನ್ನು ಪಂಡಿತರಿಗೆ ವಿವರಿಸಬೇಕಾಗಿಲ್ಲ.

ಶ್ರದ್ಧೆಯು ಕಾರ್ಯವನ್ನು ಆರಂಭಿಸಿತು, ಸಹನೆಯು ಅದನ್ನು ನಡೆಸಿತು, ಸಾಹಸವು ಗಡಿ ದಾಟಿಸಿತು. ಪಾಠವು ಶುದ್ಧವಾದುದಾದರೋ ಊಹೆಯನ್ನು ಊಹೆಯೆಂದೇ ಬರೆದ ಸಂಪಾದಕರ ಸಂಯಮದಿಂದ, ಬಾಗಿಲನ್ನು ತೆರೆದ ರಕ್ಷಕರ ಔದಾರ್ಯದಿಂದ. ಶ್ರುತಸೇವೆಯು ಪೂರ್ಣಗೊಳ್ಳಬೇಕಾದರೆ ಕಾಯುವವನೂ ಬರೆಯುವವನೂ ಪರಸ್ಪರ ನಂಬಬೇಕಾಗುತ್ತದೆ.