ಏಪ್ರಿಲ್ 25ರ ಮಧ್ಯಾಹ್ನದ ಪಂದ್ಯ

ಕೆಲವು ವರ್ಷಗಳ ಹಿಂದೆ, ಪುಣೆಯ ಆಫೀಸಿನಲ್ಲಿ ಕೂತು, ಸಿಡ್ನಿಯ ಗ್ರಾಹಕರ ಪ್ರಾಜೆಕ್ಟೊಂದರ ಗೋ-ಲೈವ್ ದಿನವನ್ನು ನಾನು ಏಪ್ರಿಲ್ 25ಕ್ಕೆ ಇಟ್ಟಿದ್ದೆ. ರಜಾದಿನಗಳ ಪಟ್ಟಿ ನೋಡುವುದು ಮರೆತಿತ್ತು. ಸದಾ ತಮಾಷೆ ಮಾಡುತ್ತಿದ್ದ ಆ ಕಡೆಯ ಟೆಸ್ಟಿಂಗ್ ಲೀಡ್ ಒಂದು ಗಳಿಗೆ ಸುಮ್ಮನಿದ್ದು, "ಆ ದಿನ ಬೇಡ" ಎಂದ. ಬೆಳಕು ಹರಿಯುವ ಮೊದಲೇ ಯುದ್ಧ ಸ್ಮಾರಕಕ್ಕೆ ಹೋಗಬೇಕು, ಆಮೇಲೆ ಮೆರವಣಿಗೆ, ಸಂಜೆ ನಾಲ್ಕಕ್ಕೆ ಫುಟ್‌ಬಾಲ್ ಪಂದ್ಯ ಎಂದು ವಿವರಿಸಿದ. ನಾನು ದಿನಾಂಕ ಬದಲಿಸಿದೆ. ಆದರೆ ತಲೆಯೊಳಗೆ ಒಂದು ಪ್ರಶ್ನೆ ಉಳಿಯಿತು: ತಿಥಿಯ ದಿನ ಮ್ಯಾಚೇ?

ಮುಂದಿನ ವರ್ಷ ಮೂರು ತಿಂಗಳ ಆನ್‌ಸೈಟ್ ಕೆಲಸಕ್ಕೆ ಸಿಡ್ನಿಗೆ ಹೋದಾಗ ಅದೇ ಗೆಳೆಯ ನನ್ನನ್ನು ಆ ಪಂದ್ಯಕ್ಕೆ ಕರೆದೊಯ್ದ. ಸಿಡ್ನಿ ರೂಸ್ಟರ್ಸ್ ಮತ್ತು ಸೇಂಟ್ ಜಾರ್ಜ್ ಇಲವಾರಾ ಡ್ರ್ಯಾಗನ್ಸ್ ನಡುವಣ ರಗ್ಬಿ ಲೀಗ್ ಪಂದ್ಯ. ಎರಡೂ ತಂಡಗಳು ಮೈದಾನದ ನಡುವೆ ಸಾಲಾಗಿ ನಿಂತವು. ಒಬ್ಬ ಸೈನಿಕ ಬ್ಯೂಗಲ್‌ನಲ್ಲಿ 'ಲಾಸ್ಟ್ ಪೋಸ್ಟ್' ನುಡಿಸಿದ. ಬಿಯರ್ ಲೋಟ ಹಿಡಿದಿದ್ದವರೂ ಟೋಪಿ ತೆಗೆದು ನಿಂತರು. ಅಷ್ಟು ಸಾವಿರ ಜನರ ಆ ಮೌನದಲ್ಲಿ ಎಲ್ಲೋ ಒಂದು ಮಗು ಕೆಮ್ಮಿದ್ದು ಕೇಳಿಸಿತು. ಮೌನ ಮುಗಿದು ಚೆಂಡು ಒದ್ದ ಮರುಕ್ಷಣ ನನ್ನ ಹಿಂದಿನ ಸಾಲಿನಿಂದ ರೆಫರಿಯ ವಂಶವನ್ನೇ ಜಾಲಾಡುವ ಬೈಗುಳ ಶುರುವಾಯಿತು. ನಮ್ಮಲ್ಲೂ ಶ್ರಾದ್ಧದ ಊಟದಲ್ಲಿ ಎರಡನೇ ಸಲ ವಡೆ ಬರುವ ಹೊತ್ತಿಗೆ ಸತ್ತವರ ಬಗ್ಗೆ ನಗೆಯ ಕಥೆಗಳು ಬಿಚ್ಚಿಕೊಳ್ಳುತ್ತವಲ್ಲ, ಹಾಗಿರಬಹುದು ಎಂದುಕೊಂಡೆ. ಆದರೂ ಸಮಾಧಾನವಾಗಲಿಲ್ಲ. ಓದತೊಡಗಿದೆ. ಓದುತ್ತಾ ಹೋದಂತೆ ಈ ದಿನಕ್ಕೂ ಈ ಆಟಕ್ಕೂ ಇರುವ ನಂಟು ಆ ಸಮಾರಂಭ ತೋರಿಸಿದಷ್ಟು ಸರಳವಲ್ಲ ಎಂದು ತಿಳಿಯಿತು.

ಮೊದಲು ದಿನದ ಬಗ್ಗೆ. 1915ರ ಏಪ್ರಿಲ್ 25ರಂದು, ಇನ್ನೂ ಕತ್ತಲಿರುವಾಗಲೇ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ ಸೇನೆ ಟರ್ಕಿಯ ಗಲಿಪೊಲಿ ದಂಡೆಯಲ್ಲಿ ಇಳಿಯತೊಡಗಿತು. ಆ ಸೇನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ 'ಆನ್ಜಾಕ್' ಆಯಿತು. ಇಸ್ತಾಂಬುಲ್ ತಲುಪುವುದು ಗುರಿ. ಎಂಟು ತಿಂಗಳು ಕಳೆದರೂ ಅವರು ದಂಡೆಯಿಂದ ಹೆಚ್ಚು ದೂರ ಹೋಗಲಾಗಲಿಲ್ಲ. 8,000ಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು, 2,700ರಷ್ಟು ನ್ಯೂಜಿಲೆಂಡಿಗರು ಅಲ್ಲಿ ಸತ್ತರು. ಟರ್ಕಿಯ ಕಡೆ ಸತ್ತವರು ಇದರ ಎಷ್ಟೋ ಪಟ್ಟು. ಡಿಸೆಂಬರಿನಲ್ಲಿ ಸದ್ದಿಲ್ಲದೆ ಜಾಗ ಖಾಲಿ ಮಾಡಿದರು. ಆಗಲೂ ಒಂದು ಆಟ ನಡೆಯಿತು. ಸೈನ್ಯ ಹೊರಡುತ್ತಿರುವುದು ಟರ್ಕರಿಗೆ ಗೊತ್ತಾಗದಿರಲೆಂದು ಡಿಸೆಂಬರ್ 17ರಂದು ಶೆಲ್ ಗ್ರೀನ್ ಎಂಬ ಬಯಲಿನಲ್ಲಿ ಸೈನಿಕರು ಕ್ರಿಕೆಟ್ ಆಡಿದರು. ಅದರ ಫೋಟೊ ಇವತ್ತಿಗೂ ಇದೆ. ಸೋತ ಕಾರ್ಯಾಚರಣೆಯೊಂದು ರಾಷ್ಟ್ರದ ಹುಟ್ಟಿನ ಕಥೆಯಾದದ್ದು ವಿಚಿತ್ರವೇ. 1916ರಿಂದಲೇ ಆ ದಿನದ ಆಚರಣೆ ಶುರುವಾಯಿತು.

ಇನ್ನು ಆಟ. ನಮ್ಮವರಿಗೆ ಹೇಳಬೇಕೆಂದರೆ, ಕಬಡ್ಡಿಯಲ್ಲಿ ರೈಡರ್‌ನನ್ನು ಕೆಡವುವ ಹಾಗೆ ಚೆಂಡು ಹಿಡಿದು ಓಡುವವನನ್ನು ಕೆಡವಬೇಕು. ಒಂದು ತಂಡಕ್ಕೆ ಹದಿಮೂರು ಜನ. ಚೆಂಡು ಸಿಕ್ಕ ತಂಡವನ್ನು ಆರು ಸಲ ಕೆಡವಿದರೆ ಚೆಂಡು ಎದುರಾಳಿಗೆ. ಹದಿನೈದು ಜನರ ರಗ್ಬಿ ಯೂನಿಯನ್ ಬೇರೆ, ಇದು ಬೇರೆ. ಐಟಿಯ ನಾವು ದಿನವೂ ಜಪಿಸುವ 'ಸ್ಕ್ರಮ್' ಎಂಬ ಪದ ರಗ್ಬಿಯಿಂದಲೇ ಬಂದದ್ದು. ರಗ್ಬಿ ಲೀಗಿನಲ್ಲಿ ಈಗ ಸ್ಕ್ರಮ್ ಬರೀ ಶಾಸ್ತ್ರಕ್ಕೆ ನಡೆಯುತ್ತದೆ. ನಮ್ಮ ಬೆಳಗಿನ ಸ್ಟ್ಯಾಂಡಪ್‌ಗಳನ್ನು ನೆನೆದರೆ ಹೋಲಿಕೆ ಸರಿಯಾಗಿಯೇ ಇದೆ.

ಎರಡು ರಗ್ಬಿಗಳು ಬೇರೆಯಾದದ್ದು ಕೂಲಿಯ ಪ್ರಶ್ನೆಗೆ. ಗಣಿ, ಗಿರಣಿಗಳಲ್ಲಿ ದುಡಿಯುವ ಆಟಗಾರರು ಪಂದ್ಯಕ್ಕಾಗಿ ಕೆಲಸ ಬಿಟ್ಟರೆ ಆ ದಿನದ ಸಂಬಳ ಹೋಗುತ್ತಿತ್ತು. ಅದನ್ನು ತುಂಬಿಕೊಡುವುದು ತಪ್ಪು ಎಂದರು ಯೂನಿಯನ್‌ನ ದೊಡ್ಡವರು. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಹೊರನಡೆದವು. ಸಿಡ್ನಿಯಲ್ಲಿ ಅದೇ ಜಗಳ 1907ರಲ್ಲಿ, ಆಟದಲ್ಲಿ ಗಾಯಗೊಂಡ ಅಲೆಕ್ ಬರ್ಡನ್‌ಗೆ ಪರಿಹಾರ ಸಿಗದಿದ್ದಾಗ ಹೊತ್ತಿಕೊಂಡಿತು. ಬಂಡಾಯದವರು ಸೇರುತ್ತಿದ್ದ ಜಾಗಗಳಲ್ಲಿ ಒಂದು ಕ್ರಿಕೆಟಿಗ ವಿಕ್ಟರ್ ಟ್ರಂಪರ್‌ನ ಕ್ರೀಡಾ ಸಾಮಗ್ರಿ ಅಂಗಡಿ. ಹೌದು, ಅದೇ ಟ್ರಂಪರ್. ಹೊಸ ಲೀಗಿನ ಮೊದಲ ಖಜಾಂಚಿಯೂ ಅವನೇ. 1908ರಲ್ಲಿ ಪಂದ್ಯಾವಳಿ ಶುರುವಾಯಿತು.

ಆಗ ಕಥೆಯೊಳಗೆ ಬರುವವನು ಟೆಡ್ ಲಾರ್ಕಿನ್. ನಾನು ಇಷ್ಟೆಲ್ಲ ಬರೆಯುತ್ತಿರುವುದು ಮುಖ್ಯವಾಗಿ ಅವನಿಗಾಗಿ. ಹುಟ್ಟಿದ್ದು 1880ರಲ್ಲಿ, ಓದಿದ್ದು ಕ್ಯಾಥೊಲಿಕ್ ಶಾಲೆಯಲ್ಲಿ, ಕೆಲಸ ಪೊಲೀಸ್ ಪೇದೆಯದು. 1903ರಲ್ಲಿ ನ್ಯೂಜಿಲೆಂಡ್ ವಿರುದ್ಧ ಆಸ್ಟ್ರೇಲಿಯಾದ ರಗ್ಬಿ ಯೂನಿಯನ್ ತಂಡದಲ್ಲಿ ಆಡಿದವನು. 1909ರಲ್ಲಿ ನ್ಯೂ ಸೌತ್ ವೇಲ್ಸ್ ರಗ್ಬಿ ಲೀಗಿನ ಪೂರ್ಣಾವಧಿ ಕಾರ್ಯದರ್ಶಿಯಾದ. ಲೀಗ್ ಆಗಿನ್ನೂ ಅಂಬೆಗಾಲಿಡುತ್ತಿತ್ತು. ಲೆಕ್ಕಪತ್ರ ನೇರ ಮಾಡಿ, ಮೈದಾನ ಗೊತ್ತುಮಾಡಿ, ಕ್ಯಾಥೊಲಿಕ್ ಶಾಲೆಗಳಿಗೆ ಆಟವನ್ನು ಒಯ್ದು ಅದನ್ನು ನಿಲ್ಲಿಸಿದವನು ಈತ. ನನ್ನ ಮಟ್ಟಿಗೆ ಆತ ಒಬ್ಬ ಒಳ್ಳೆಯ ಪ್ರಾಜೆಕ್ಟ್ ಮ್ಯಾನೇಜರ್. ಇಂಥವರ ಹೆಸರು ಸ್ಕೋರ್‌ಬೋರ್ಡಿನ ಮೇಲೆ ಬರುವುದಿಲ್ಲ. 1913ರಲ್ಲಿ ಲೇಬರ್ ಪಕ್ಷದಿಂದ ವಿಲ್ಲೋಬಿ ಕ್ಷೇತ್ರದಲ್ಲಿ ಗೆದ್ದು ಶಾಸಕನೂ ಆದ.

1914ರ ಜುಲೈ 4ರಂದು ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ ಇಂಗ್ಲೆಂಡ್ ತಂಡ, ಗಾಯಾಳುಗಳು ಹೊರಹೋಗಿ ಒಂದು ಹಂತದಲ್ಲಿ ಹತ್ತೇ ಜನ ಉಳಿದರೂ, ಆಸ್ಟ್ರೇಲಿಯಾವನ್ನು 14–6ರಿಂದ ಸೋಲಿಸಿತು. ಜುಲು ಯುದ್ಧದ ಪ್ರಸಿದ್ಧ ಕಾಳಗವೊಂದರ ನೆನಪಿನಲ್ಲಿ ಆ ಪಂದ್ಯಕ್ಕೆ 'ರೋರ್ಕ್ಸ್ ಡ್ರಿಫ್ಟ್ ಟೆಸ್ಟ್' ಎಂಬ ಹೆಸರು ಬಿತ್ತು. ಆಟಕ್ಕೆ ಯುದ್ಧದ ಹೆಸರನ್ನು ಸಾಲ ತರುವುದು ಆಗಲೇ ರೂಢಿಯಲ್ಲಿತ್ತು. ಒಂದೇ ತಿಂಗಳಲ್ಲಿ ನಿಜವಾದ ಯುದ್ಧ ಬಂತು. ಲಾರ್ಕಿನ್ ಆಗಸ್ಟ್‌ನಲ್ಲೇ ಸೈನ್ಯ ಸೇರಿದ. ವಯಸ್ಸು ಮೂವತ್ತಮೂರು, ಶಾಸಕ, ಮನೆಯಲ್ಲಿ ಹೆಂಡತಿ ಮಕ್ಕಳು. ಬೇಡ ಎನ್ನಲು ಬೇಕಾದಷ್ಟು ಕಾರಣಗಳಿದ್ದವು. 1ನೇ ಬೆಟಾಲಿಯನ್‌ನಲ್ಲಿ ಸಾರ್ಜೆಂಟ್ ಆದ. 1915ರ ಏಪ್ರಿಲ್ 25ರಂದು ಗಲಿಪೊಲಿಯಲ್ಲಿ ಇಳಿದ. ಅದೇ ದಿನ ಸತ್ತ. ನ್ಯೂ ಸೌತ್ ವೇಲ್ಸ್ ವಿಧಾನಸಭೆಯಲ್ಲಿ ಅವನಿಗೂ, ಅದೇ ಗಲಿಪೊಲಿಯಲ್ಲಿ ಸತ್ತ ಇನ್ನೊಬ್ಬ ಶಾಸಕ ಜಾರ್ಜ್ ಬ್ರೌಂಡ್‌ನಿಗೂ ಸೇರಿ ಒಂದು ಫಲಕವಿದೆ.

ಅಂದರೆ ಏಪ್ರಿಲ್ 25 ರಗ್ಬಿ ಲೀಗಿನ ಮನೆಯ ತಿಥಿಯೂ ಹೌದು. ನಾನು ಇಲ್ಲಿಗೇ ನಿಲ್ಲಿಸಿದ್ದರೆ ಪಂದ್ಯದ ದಿನ ಸ್ಟೇಡಿಯಂನ ದೊಡ್ಡ ಪರದೆಯ ಮೇಲೆ ತೋರಿಸಲು ಒಪ್ಪುವ ಚಂದದ ಕಥೆಯಾಗುತ್ತಿತ್ತು.

ಆದರೆ ಮುಂದೆ ಆದದ್ದು ಬೇರೆ. 1915ರಲ್ಲಿ ಸಿಡ್ನಿಯ ರಗ್ಬಿ ಯೂನಿಯನ್ ತನ್ನ ಪಂದ್ಯಾವಳಿಯನ್ನು ನಿಲ್ಲಿಸಿತು. ಗಂಡಸರ ಜಾಗ ರಣರಂಗದಲ್ಲಿ, ಮೈದಾನದಲ್ಲಲ್ಲ ಎಂಬ ವಾದ. ರಗ್ಬಿ ಲೀಗ್ ನಿಲ್ಲಿಸಲಿಲ್ಲ. ತನ್ನ ಕಾರ್ಯದರ್ಶಿಯೇ ಗಲಿಪೊಲಿಯಲ್ಲಿ ಸತ್ತ ವರ್ಷವೂ ಆಡಿತು, ಯುದ್ಧ ಮುಗಿಯುವವರೆಗೂ ಆಡಿತು. 1915, 1916, 1917 ಮೂರೂ ವರ್ಷ ಬಾಲ್ಮೇನ್ ಗೆದ್ದಿತು, 1918ರಲ್ಲಿ ಸೌತ್ ಸಿಡ್ನಿ. ಬಾಲ್ಮೇನ್ ಎಂದರೆ ಹಡಗುಕಟ್ಟೆಯ ಕೆಲಸಗಾರರ ಬಡಾವಣೆ. ದೇಶಭಕ್ತಿ ಸಾಲದವರು, ಯುವಕರನ್ನು ಸೈನ್ಯದಿಂದ ತಪ್ಪಿಸುತ್ತಿರುವವರು ಎಂಬ ಮಾತುಗಳನ್ನು ಲೀಗ್ ಕೇಳಬೇಕಾಯಿತು.

ಆ ಮಾತು ಎಷ್ಟು ನ್ಯಾಯ? ಲೀಗಿನಿಂದ ಹೋದವರೂ ಇದ್ದರು, ಸತ್ತವರೂ ಇದ್ದರು. ಈಸ್ಟರ್ನ್ ಸಬರ್ಬ್ಸ್ ಕ್ಲಬ್ಬಿನ ಬಾಬ್ ಟಿಡಿಮನ್ 1914ರಲ್ಲಿ ಇಂಗ್ಲೆಂಡ್ ವಿರುದ್ಧ ದೇಶಕ್ಕಾಗಿ ಆಡಿದವನು. 1916ರ ನವೆಂಬರಿನಲ್ಲಿ ಫ್ರಾನ್ಸಿನ ಫ್ಲೆರ್ಸ್ ಬಳಿ ಸತ್ತ. ಆ ಕ್ಲಬ್ಬೇ ಇಂದಿನ ರೂಸ್ಟರ್ಸ್. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಕೂಲಿಯಿಂದ ಬದುಕುವ ಮನೆಯ ಹುಡುಗ ಯುದ್ಧಕ್ಕೆ ಹೋಗುವುದೂ, ತೋಟ ಬಂಗಲೆ ಇರುವ ಮನೆಯ ಹುಡುಗ ಹೋಗುವುದೂ ಒಂದೇ ಅಲ್ಲ. ಯುದ್ಧದಿಂದ ಬೆಲೆಗಳು ಏರಿದ್ದವು. 1916ರ ಅಕ್ಟೋಬರಿನಲ್ಲಿ ಮತ್ತು 1917ರ ಡಿಸೆಂಬರಿನಲ್ಲಿ ಸರ್ಕಾರ ಕಡ್ಡಾಯ ಸೈನ್ಯ ಸೇವೆಯ ಬಗ್ಗೆ ಜನರ ಮತ ಕೇಳಿತು. ಎರಡೂ ಸಲ ಜನ ಬೇಡ ಎಂದರು. ನ್ಯೂ ಸೌತ್ ವೇಲ್ಸ್ ಕೂಡ ಬೇಡ ಎಂದಿತು. 1917ರ ಆಗಸ್ಟ್‌ನಲ್ಲಿ ಸಿಡ್ನಿಯ ರೈಲ್ವೆ ಮತ್ತು ಟ್ರಾಮ್ ವರ್ಕ್‌ಶಾಪುಗಳಲ್ಲಿ ಶುರುವಾದ ಮುಷ್ಕರ ಇಡೀ ರಾಜ್ಯಕ್ಕೆ ಹಬ್ಬಿತು. ಶನಿವಾರ ಮಧ್ಯಾಹ್ನ ಲೀಗ್ ನೋಡಲು ಬರುತ್ತಿದ್ದವರು ಇದೇ ಜನ. ಐವತ್ತು ಲಕ್ಷವೂ ಇರದ ಆ ದೇಶದಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಸೈನ್ಯ ಸೇರಿದರು, 60,000 ಮಂದಿ ಸತ್ತರು. ಯೂನಿಯನ್ ಮೈದಾನಗಳು ಖಾಲಿಯಿದ್ದ ಆ ವರ್ಷಗಳಲ್ಲಿ ಲೀಗ್ ಸಿಡ್ನಿಯ ಮುಖ್ಯ ಆಟವಾಗಿ ಬೇರೂರಿತು. ಕ್ವೀನ್ಸ್‌ಲ್ಯಾಂಡಿನಲ್ಲಂತೂ ಯೂನಿಯನ್ 1920ರ ದಶಕದ ಕೊನೆಯವರೆಗೆ ಎದ್ದೇಳಲಿಲ್ಲ.

ಹೀಗೆ, ಯುದ್ಧದ ಹೊತ್ತಿನಲ್ಲಿ ಆಡಿದ್ದಕ್ಕೆ ಬೈಸಿಕೊಂಡ ಆಟವೇ ಈಗ ಯುದ್ಧದ ನೆನಪಿನ ದಿನ ಬ್ಯೂಗಲ್ ಊದಿಸುತ್ತದೆ. ನಾನಿದ್ದ ಪಂದ್ಯದಲ್ಲಿ ಲಾರ್ಕಿನ್ ಹೆಸರೂ ಕೇಳಿಸಲಿಲ್ಲ, ಬೇಡ ಎಂದು ಮತ ಹಾಕಿದವರ ಸುದ್ದಿಯೂ ಬರಲಿಲ್ಲ.

ನೆನಪಿನ ದಿನ ಆಡಬೇಕೇ ಎಂಬ ಪ್ರಶ್ನೆ ಆ ದೇಶದಲ್ಲೂ ಹಳೆಯದು. ಇವತ್ತು ಎಲ್ಲರೂ ಪುರಾತನ ಎಂದುಕೊಂಡಿರುವ ಮುಂಜಾವಿನ ಪ್ರಾರ್ಥನೆಗೆ ಸಿಡ್ನಿಯಲ್ಲಿ ಹೇಳುವ ಮೂಲಕಥೆ ಇದು: 1927ರಲ್ಲಿ, ಹಿಂದಿನ ರಾತ್ರಿಯ ಕೂಟ ಮುಗಿಸಿ ಬರುತ್ತಿದ್ದ ಕೆಲವು ಮಾಜಿ ಸೈನಿಕರು, ಇನ್ನೂ ಕಟ್ಟಿ ಮುಗಿಯದ ಸ್ಮಾರಕದ ಬಳಿ ಒಬ್ಬ ಮುದುಕಿ ಹೂವಿಡುತ್ತಿರುವುದನ್ನು ಕಂಡರು. ಅವಳ ಜೊತೆ ತಾವೂ ತಲೆಬಾಗಿ ನಿಂತರು. ಮುಂದಿನ ವರ್ಷ ಅದೇ ಹೊತ್ತಿಗೆ ಸುಮಾರು 150 ಜನ ಸೇರಿದರು. ಕೂಟದ ಅಮಲಿನಲ್ಲಿದ್ದವರೂ ಹೂವು ಹಿಡಿದ ಮುದುಕಿಯೂ ಆ ದಿನದಲ್ಲಿ ಮೊದಲಿನಿಂದ ಒಟ್ಟಿಗೇ ಇದ್ದಾರೆ.

ಮೆಲ್ಬೋರ್ನಿನ ದೊಡ್ಡ ಫುಟ್‌ಬಾಲ್ ಪಂದ್ಯಾವಳಿ ಆ ದಿನ ಆಡತೊಡಗಿದ್ದು 1960ರಲ್ಲಿ. ಅದೇ 1960ರಲ್ಲಿ ಅಡಿಲೇಡ್ ಉತ್ಸವ ಅಲನ್ ಸೀಮೋರ್ ಬರೆದ 'ದಿ ಒನ್ ಡೇ ಆಫ್ ದಿ ಇಯರ್' ನಾಟಕವನ್ನು ತಿರಸ್ಕರಿಸಿತು. ಲಿಫ್ಟ್ ನಡೆಸುವ ಮಾಜಿ ಸೈನಿಕ ಅಪ್ಪನಿಗೆ ಆ ದಿನವೇ ಪವಿತ್ರ. ಯೂನಿವರ್ಸಿಟಿಗೆ ಹೋಗುವ ಮಗನಿಗೆ ಅದು ಕುಡುಕರ ಜಾತ್ರೆ. ಓದಿ ಮೇಲೆ ಬಂದು ಅಪ್ಪನ ಹಬ್ಬಗಳನ್ನು ಕಂಡು ಮುಜುಗರಪಟ್ಟ ನಮ್ಮಂಥವರಿಗೆ ಆ ಮನೆಯ ಜಗಳ ಹೊಸದೇನಲ್ಲ. ಮೈದಾನಕ್ಕೆ ಬಾಗಿಲು ತೆರೆದ ವರ್ಷವೇ ರಂಗಮಂದಿರಕ್ಕೆ ಬಾಗಿಲು ಮುಚ್ಚಿತು. ಆಟ ಪ್ರಶ್ನೆ ಕೇಳುವುದಿಲ್ಲ, ನಾಟಕ ಕೇಳುತ್ತದೆ. ಇದಕ್ಕಿಂತ ಬೇರೆ ಕಾರಣ ನನಗೆ ತೋಚುವುದಿಲ್ಲ.

ಮುಂದೆ ಟಿವಿ ಬಂತು. 1995ರಲ್ಲಿ ಮೆಲ್ಬೋರ್ನಿನಲ್ಲಿ ಎಸೆಂಡನ್–ಕಾಲಿಂಗ್‌ವುಡ್ ನಡುವಣ ಆಸ್ಟ್ರೇಲಿಯನ್ ಫುಟ್‌ಬಾಲ್ ಪಂದ್ಯಕ್ಕೆ 94,825 ಜನ ಬಂದರು. ಪಂದ್ಯ 111–111ರಲ್ಲಿ ಸಮವಾಯಿತು. ಅದು ಅಲ್ಲಿಂದ ವಾರ್ಷಿಕ ವ್ರತವಾಯಿತು. ಸಿಡ್ನಿಯ ರಗ್ಬಿ ಲೀಗ್ 2002ರಿಂದ ರೂಸ್ಟರ್ಸ್–ಡ್ರ್ಯಾಗನ್ಸ್ ಪಂದ್ಯವನ್ನು ಅದೇ ಹಾದಿಯಲ್ಲಿ ಬೆಳೆಸಿತು. ಗಲಿಪೊಲಿಗೆ ಹೋದವರು ತೀರಿಕೊಂಡ ಮೇಲೆ ಪಂದ್ಯಗಳು ಇನ್ನಷ್ಟು ದೊಡ್ಡವಾದವು. ತಾವು ಹಾಗಿರಲಿಲ್ಲ ಎಂದು ಹೇಳಲು ಯಾರೂ ಉಳಿದಿರಲಿಲ್ಲ.

ನಮ್ಮವರೂ ಈ ಕಥೆಯ ಅಂಚಿನಲ್ಲಿದ್ದಾರೆ. ಗಲಿಪೊಲಿಯಲ್ಲಿ ಸುಮಾರು 16,000 ಭಾರತೀಯರಿದ್ದರು. ಆನ್ಜಾಕ್ ಸೈನಿಕರಿಗೆ ನೀರು, ಮದ್ದುಗುಂಡು ಹೊತ್ತದ್ದು ಭಾರತದ ಹೇಸರಗತ್ತೆ ದಳಗಳು. ಅಲ್ಲಿಂದ ಮೂರು ವರ್ಷಕ್ಕೆ, 1918ರ ಸೆಪ್ಟೆಂಬರ್ 23ರಂದು, ಹೈಫಾ ನಗರಕ್ಕೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಕುದುರೆ ಸವಾರರು ಸೇರಿದ್ದ ಸೇನಾ ವಿಭಾಗದ ಮುಖ್ಯಸ್ಥ ಒಬ್ಬ ಆಸ್ಟ್ರೇಲಿಯನ್, ಹ್ಯಾರಿ ಶೊವೆಲ್. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತ ಮೂರು ಮೂರ್ತಿಗಳಲ್ಲಿ ಒಂದು ಮೈಸೂರಿನದು, ಒಂದು ಹೈದರಾಬಾದಿನದು, ಒಂದು ಜೋಧಪುರದ್ದು. ದೆಹಲಿಯಲ್ಲಿ ಎರಡು ವರ್ಷ ಓದುವಾಗ ವಾರಕ್ಕೆರಡು ಸಲ ಆ ವೃತ್ತ ಸುತ್ತಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಆ ಕಲ್ಲಿನ ಬುಡದಲ್ಲಿ ನಿಂತವ ನಮ್ಮ ಕಡೆಯವನು ಎಂದು ತಿಳಿದದ್ದು ಸಿಡ್ನಿಯಿಂದ ಬಂದ ಮೇಲೆ.

ಈಗ ಪ್ರತಿ ಏಪ್ರಿಲ್ 25ರಂದು ಬೆಳಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ನನ್ನ ಕ್ಯಾಲೆಂಡರಿನಲ್ಲಿ ಸಮಯ ಕಾದಿರಿಸುತ್ತೇನೆ. ಸಿಡ್ನಿಯಲ್ಲಿ ಆಗ ನಾಲ್ಕರ ಆಸುಪಾಸು. ಲಾಸ್ಟ್ ಪೋಸ್ಟ್ ಕೇಳಿ, ಮೊದಲ ಹತ್ತು ನಿಮಿಷದ ಆಟ ನೋಡಿ, ಮತ್ತೆ ಕೆಲಸಕ್ಕೆ. ಮೀಟಿಂಗ್ ಹೆಸರಿನ ಜಾಗದಲ್ಲಿ 'ಲಾರ್ಕಿನ್' ಎಂದು ಬರೆದಿರುತ್ತೇನೆ. ಹೋದ ವರ್ಷ ತಂಡಕ್ಕೆ ಹೊಸದಾಗಿ ಸೇರಿದ ಧಾರವಾಡದ ಹುಡುಗಿ ಅದನ್ನು ನೋಡಿ, "ಯಾರ್ರೀ ಸರ್ ಇವರು, ಹೊಸ ಕ್ಲೈಂಟ್ ಏನ್ರಿ?" ಎಂದಳು.

"ಅಲ್ಲವ್ವಾ, ಹಳೇ ಸೆಕ್ರೆಟರಿ," ಎಂದು ಪಕ್ಕದ ಕುರ್ಚಿ ಎಳೆದು ಕೊಟ್ಟೆ.