ನರಿಯ ಹೆಜ್ಜೆ ತೋರಿಸಿದ ದಾರಿ

ಯಾರಿಗಾದರೂ ನೆನೆಸದೆ ಒಳ್ಳೆಯದಾದರೆ ನಮ್ಮ ಕಡೆ ‘ಬೆಳಿಗ್ಗೆ ಎದ್ದು ನರಿ ಮುಖ ನೋಡಿದ್ಯೇನೋ’ ಅಂತ ಕೇಳುವುದುಂಟು. ನರಿಯ ಮುಖವನ್ನೇ ಕಂಚಿನಲ್ಲಿ ಮಾಡಿಸಿ ಸ್ಮಾರಕದ ಬುಡದಲ್ಲಿ ಕೂರಿಸಿದ ಒಂದು ಜಾಗ ಇಂಗ್ಲೆಂಡಿನಲ್ಲಿದೆ. ಎರಡನೇ ಮಹಾಯುದ್ಧದ ಆ ಸಂಗತಿಯನ್ನು ನಮ್ಮ ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು. ದೇಶ ಕಳೆದುಕೊಂಡ ಸಾವಿರಾರು ಪೋಲಿಷ್ ವಾಯುಸೈನಿಕರು ರುಮೇನಿಯಾ, ಫ್ರಾನ್ಸ್ ಸುತ್ತಿಕೊಂಡು ಬ್ರಿಟನ್ ಸೇರಿದರು. ಅವರಿಗೆ ಬಾಂಬರ್ ವಿಮಾನದ ತರಬೇತಿ ಕೊಡುತ್ತಿದ್ದುದು ವಾರ್ವಿಕ್‌ಷೈರಿನ ಬ್ರಾಮ್‌ಕೋಟ್ ನೆಲೆಯಲ್ಲಿ. 1942ರ ಜನವರಿ ಕೊನೆಯಲ್ಲಿ ಅಲ್ಲಿಂದ ಒಂದು ವೆಲಿಂಗ್ಟನ್ ವಿಮಾನ ಆರು ಜನ ಪೋಲಿಷರನ್ನು ಹೊತ್ತು ಅಭ್ಯಾಸಕ್ಕೆ ಹಾರಿತು.

ಅಭ್ಯಾಸ ಅಂದರೆ ಅಪಾಯವಿಲ್ಲ ಅಂದುಕೊಳ್ಳಬಾರದು. ಆಗಿನ ವಿಮಾನದಲ್ಲಿ ಎತ್ತರ ತೋರಿಸುವ ಉಪಕರಣ ಗಾಳಿಯ ಒತ್ತಡವನ್ನು ನಂಬಿ ನಡೆಯುತ್ತಿತ್ತು. ಹವಾಮಾನ ಕೆಟ್ಟು ಒತ್ತಡ ಇಳಿದರೆ ಅದು ಇರುವುದಕ್ಕಿಂತ ಹೆಚ್ಚು ಎತ್ತರ ತೋರಿಸುತ್ತಿತ್ತು. ಮೋಡದೊಳಗೆ ಗುಡ್ಡ ಕಣ್ಣಿಗೆ ಬೀಳುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಬ್ರಿಟಿಷ್ ಬಾಂಬರ್ ಪಡೆಯಲ್ಲಿ ಶತ್ರುವಿನ ಮುಖ ನೋಡದೆ ತರಬೇತಿಯಲ್ಲೇ ಸತ್ತವರು 5,000ಕ್ಕೂ ಹೆಚ್ಚು.

ಈ ವಿಮಾನವೂ ಹಿಮದ ಬಿರುಗಾಳಿಗೆ ಸಿಕ್ಕಿ, ಯಾರ್ಕ್‌ಷೈರಿನ ಬಕ್‌ಡನ್ ಪೈಕ್ ಎಂಬ 702 ಮೀಟರ್ ಎತ್ತರದ ಬೆಟ್ಟಕ್ಕೆ ಅಪ್ಪಳಿಸಿತು. ನಾಲ್ವರು ಅಲ್ಲೇ ತೀರಿಕೊಂಡರು. ಜೀವ ಉಳಿದದ್ದು ಇಬ್ಬರಿಗೆ. ಒಬ್ಬನಿಗೆ ಏಳಲಾಗದಷ್ಟು ಪೆಟ್ಟು. ಇನ್ನೊಬ್ಬ, ವಿಮಾನದ ಬಾಲದ ತುದಿಯಲ್ಲಿ ಕೂತಿದ್ದ ಗನ್ನರ್ ಜೋಸೆಫ್ ಫುಸ್ನಿಯಾಕ್. ಅವನ ಕಾಲೂ ಮುರಿದಿತ್ತು.

ಗೆಳೆಯನ ಪಕ್ಕದಲ್ಲೇ ಕೂತರೆ ಇಬ್ಬರೂ ಹೆಪ್ಪುಗಟ್ಟಿ ಸಾಯಬೇಕು. ಬಿಟ್ಟು ಹೋದರೆ ಅವನೊಬ್ಬನೇ. ಫುಸ್ನಿಯಾಕ್ ಸಹಾಯ ತರಲು ಹೊರಟ. ಎತ್ತ ನೋಡಿದರೂ ಬಿಳುಪು. ದಾರಿಯೂ ಇಲ್ಲ, ದಿಕ್ಕೂ ಇಲ್ಲ. ಆಗ ಹಿಮದ ಮೇಲೆ ನರಿಯ ಹೆಜ್ಜೆ ಗುರುತು ಕಂಡಿತು. ಹಸಿದ ನರಿ ಇಂಥ ಚಳಿಯಲ್ಲಿ ಊರ ಕಡೆಗೇ ಇಳಿದಿರಬೇಕು ಅಂತ ಅವನು ಎಣಿಸಿದ. ಕೋಳಿ ಸಾಕಿದ ನಮ್ಮ ರೈತರಿಗೆ ಈ ಲೆಕ್ಕ ಬೇಗ ಅರ್ಥವಾದೀತು! ಮುರಿದ ಕಾಲೆಳೆಯುತ್ತಾ ಆ ಗುರುತು ಹಿಡಿದು ಇಳಿದ ಅವನಿಗೆ ಕ್ರೇ ಎಂಬ ಪುಟ್ಟ ಹಳ್ಳಿಯಲ್ಲಿ ಆಸರೆ ಸಿಕ್ಕಿತು. ಆದರೆ ಬೆಟ್ಟದ ಮೇಲೆ ಉಳಿದ ಗೆಳೆಯ ಮಾತ್ರ ನೆರವು ಮುಟ್ಟುವ ಮೊದಲೇ ಕಣ್ಣುಮುಚ್ಚಿದ್ದ.

31 ವರ್ಷ ಕಳೆದ ಮೇಲೆ, 1973ರಲ್ಲಿ, ಫುಸ್ನಿಯಾಕ್ ಆ ಬೆಟ್ಟದ ಮೇಲೆ ಕಲ್ಲಿನ ಶಿಲುಬೆ ನಿಲ್ಲಿಸಿದರು. ಅದರ ಪೀಠದಲ್ಲಿ ವಿಮಾನದ ಚೂರುಗಳನ್ನು ಹುದುಗಿಸಿದರು. ಅಲ್ಲೇ ಸಣ್ಣದೊಂದು ನರಿಯ ತಲೆಯನ್ನೂ ಇರಿಸಿದರು. ಐವರು ಸಂಗಾತಿಗಳ ನೆನಪು, ಕಾಪಾಡಿದ ಹಳ್ಳಿಗರ ಉಪಕಾರ, ಒಂದು ಕಾಡುಪ್ರಾಣಿಯ ಋಣ, ಮೂರೂ ಒಂದೇ ಕಲ್ಲಿನಲ್ಲಿ ಸೇರಿದವು.

ಯುದ್ಧ ಗೆದ್ದವರ ಹೆಸರು ಪಾಠದ ಪುಸ್ತಕದಲ್ಲಿ ಬರುತ್ತದೆ. ಕಲಿಯುವಾಗಲೇ ಸತ್ತವರನ್ನು ಅವರ ಜೊತೆಯವರೇ ನೆನೆಯಬೇಕು. ಫುಸ್ನಿಯಾಕ್ ನೆನೆದರು. ಇಂದಿಗೂ ಬೆಟ್ಟ ಹತ್ತುವವರು ಆ ಶಿಲುಬೆಯ ಮುಂದೆ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಾರೆ.